ಚೆಂಡು ಬಂದರೆ ಕೂಗಬೇಕು

ಆರನೇ ತರಗತಿಗೆ ಸಮಾಜ ಪಾಠ ಮಾಡುತ್ತಿದ್ದವಳು ಒಂದು ಬೆಳಿಗ್ಗೆ ಬೋರ್ಡಿನ ಮುಂದೆ ನಿಂತು ಮೂಕಿಯಾಗಿಬಿಟ್ಟೆ. ಎದೆ ಡವಡವ, ಗಂಟಲು ಒಣಗಿ, ಒಂದು ಮಾತೂ ಹೊರಡಲಿಲ್ಲ. ನಲವತ್ತು ಮಕ್ಕಳು ಮಿಕಿಮಿಕಿ ನೋಡುತ್ತಿದ್ದವು. ಸೀಮೆಸುಣ್ಣ ಅಲ್ಲೇ ಇಟ್ಟು ಹೊರಬಿದ್ದೆ. ಆಟೋ ಹತ್ತಿ ದಟ್ಟಗಳ್ಳಿಯ ಮನೆಗೆ ಬಂದು ಮಲಗಿದೆ. ಎದ್ದದ್ದು ತಿಂಗಳುಗಳ ಮೇಲೆ ಅಂದರೂ ತಪ್ಪಿಲ್ಲ. ಮನಸ್ಸು ಅದಕ್ಕೆ ಮುಂಚಿನಿಂದಲೇ ಮಂಕಾಗಿತ್ತು. ಯಾಕೆ ಅಂತ ಇವತ್ತಿಗೂ ಗೊತ್ತಾಗಿಲ್ಲ. ಎರಡು ಸಾವಿರನೇ ಇಸವಿಯ ಆಸುಪಾಸಿನ ಮಾತು ಇದು. ಹೆಡ್‌ಮಿಸ್ಟ್ರೆಸ್ ಒಳ್ಳೆಯವರು, ರಜೆ ಕೊಟ್ಟರು. ಆದರೆ ಏಪ್ರಿಲ್ ಮುಗಿಯುವುದರೊಳಗೆ ವಾಪಸು ಬರುತ್ತೇನೋ ಇಲ್ಲವೋ ಹೇಳಬೇಕು, ಇಲ್ಲದಿದ್ದರೆ ಬೇರೆಯವರನ್ನು ತೆಗೆದುಕೊಳ್ಳುತ್ತೇವೆ ಎಂದರು. ಪಾಠ ಬಿಟ್ಟರೆ ನನಗೆ ಬೇರೇನೂ ಬರುವುದಿಲ್ಲ, ಬೇರೇನೂ ಬೇಕಾಗಿಯೂ ಇರಲಿಲ್ಲ.

ಡಾಕ್ಟರು ಮಾತ್ರೆ ಬರೆದುಕೊಟ್ಟು, "ನಾಲ್ಕು ಜನರ ಜೊತೆ ಬೆರೀರಿ" ಅಂದರು. ಮೈಯೆಲ್ಲ ಉರಿದುಹೋಯಿತು. ನಲವತ್ತು ಮಕ್ಕಳನ್ನು ಕಂಡು ಓಡಿಬಂದವಳಿಗೆ ನಾಲ್ಕು ಜನರ ಔಷಧಿಯಂತೆ! ಆದರೂ ಹೋದೆ. ಲಕ್ಷ್ಮೀಪುರಂನಲ್ಲಿ ಅಕ್ಕನ ಭಜನಾ ಮಂಡಳಿಗೆ ಎರಡು ಶುಕ್ರವಾರ ಹೋದೆ. ಅಲ್ಲಿ ದೇವರಿಗಿಂತ ನನ್ನನ್ನೇ ಹೆಚ್ಚು ನೋಡಿದರು. "ಅಯ್ಯೋ, ಎಷ್ಟು ಸೊರಗಿಬಿಟ್ಟಿದ್ದೀರಿ!" ಅಂತ ಒಬ್ಬೊಬ್ಬರೂ. ಆಮೇಲೆ ಕಸೂತಿ ಕ್ಲಾಸು. ಸೂಜಿಗೆ ದಾರ ಪೋಣಿಸುವಷ್ಟರಲ್ಲೇ ನನ್ನ ತಾಳ್ಮೆ ಮುಗಿಯಿತು.

ಮೂರನೆಯದು ಥ್ರೋಬಾಲ್. ಎದುರುಮನೆಯ ರಿಟೈರ್ಡ್ ಪಿ.ಟಿ. ಮೇಡಂ ಖಾಲಿ ಸೈಟಿನಲ್ಲಿ ಎರಡು ಸರ್ವೆ ಮರದ ಕಂಬ ನೆಟ್ಟು, ಬಲೆ ಕಟ್ಟಿಸಿ, ಸಂಜೆ ಐದಕ್ಕೆ ಬೀದಿಯ ಹೆಂಗಸರನ್ನೆಲ್ಲ ಸೇರಿಸುತ್ತಿದ್ದರು. ಸೆರಗು ಸೊಂಟಕ್ಕೆ ಸಿಕ್ಕಿಸಿ ಒಂದೊಂದು ಕಡೆ ಏಳೇಳು ಜನ. ಅವರದೊಂದು ಕಟ್ಟುನಿಟ್ಟು: ಚೆಂಡು ಹಿಡಿಯುವವರು ಮೊದಲೇ "ನಂದು!" ಎಂದು ಕೂಗಬೇಕು. ಕೂಗದಿದ್ದರೆ ಒಂದೇ ಚೆಂಡಿಗೆ ಇಬ್ಬರು ನುಗ್ಗುತ್ತಾರೆ, ಇಲ್ಲವೇ ಇಬ್ಬರೂ ಸುಮ್ಮನೆ ನಿಲ್ಲುತ್ತಾರೆ. ನನಗೆ ಚೆಂಡು ಹಿಡಿಯಲು ಬಂತು, ಕೂಗಲು ಬರಲಿಲ್ಲ. ಒಂದು ವಾರ ಬಾಯಿ ಮುಚ್ಚಿಕೊಂಡೇ ಆಡಿದೆ. ಎಂಟನೇ ದಿನ ಚೆಂಡಿಗೆ ಕೈಚಾಚಿ ಓಡಿದೆ. ಪಕ್ಕದಲ್ಲಿ ಆಡುತ್ತಿದ್ದ ಹೊಲಿಗೆ ಅಂಗಡಿಯವಳೂ ಓಡಿಬಂದಳು. ನನ್ನ ಹಣೆ ಅವಳ ತುಟಿಗೆ ಬಡಿದು ರಕ್ತ ಬಂತು.

"ಬಾಯಲ್ಲೇನು ಕಡುಬು ಇಟ್ಕೊಂಡಿದ್ದೀರಾ? ಕೂಗೋಕೇನ್ರೀ ಧಾಡಿ?" ಪಿ.ಟಿ. ಮೇಡಂ ನನ್ನನ್ನು ಗದರಿದರು.

ಮನೆಗೆ ಬಂದರೆ ಅಳು ತಡೆಯಲಾಗಲಿಲ್ಲ. "ಮುಗೀತು, ಇನ್ನೆಲ್ಲಿಗೂ ಹೋಗಲ್ಲ. ಸ್ಕೂಲಿಗೂ ಬರಲ್ಲ ಅಂತ ನಾಳೆನೇ ಹೇಳಿಬಿಡ್ತೀನಿ" ಅಂದೆ ನಮ್ಮನೆಯವರಿಗೆ. "ನಾಳೆ ಭಾನುವಾರ ಕಣೇ" ಅಂದರು. ಇನ್ನೂ ಸಿಟ್ಟು ಬಂತು.

ಮಾರನೇ ಸಂಜೆ ಯಾರೋ ಬಾಗಿಲು ತಟ್ಟಿದರು. ನೋಡಿದರೆ ಹೊಲಿಗೆ ಅಂಗಡಿಯವಳು, ತುಟಿ ಬೋಂಡದ ಹಾಗೆ ಊದಿದೆ. ಜಗಳಕ್ಕೇ ಬಂದಿದ್ದಾಳೆ ಅಂದುಕೊಂಡೆ.

"ಬನ್ನಿ ಮೇಡಂ, ಆರೇ ಜನ ಆಗೋಗಿದ್ದೀವಿ. ಏಳು ಜನ ಇಲ್ದಿದ್ರೆ ಆಯಮ್ಮ ಆಡ್ಸಕ್ಕಿಲ್ಲ."

"ನಿಮ್ಮ ತುಟಿ..."

"ತುಟಿಗೇನು, ವಾಸಿಯಾಯ್ತದೆ ಬುಡಿ."

"ನಂಗೆ ಭಯ ಆಗುತ್ತೆ ಕಣ್ರೀ" ಅಂದೆ. ಡಾಕ್ಟರನ್ನು ಬಿಟ್ಟರೆ ಆ ಮಾತನ್ನು ಯಾರ ಮುಂದೆಯೂ ಆಡಿರಲಿಲ್ಲ.

"ಭಯ ಆದ್ರೆ ಆಗ್ಲಿ, ಅದ್ನೂ ಅಂದ್ಬುಡಿ. ಚೆಂಡು ನಾನ್ ಇಡ್ಕತೀನಿ. ನೀವು ಬಾಯೇ ಬುಡ್ದಿದ್ರೆ ನಂಗೆಂಗೆ ಗೊತ್ತಾಯ್ತದೆ?"

ಅವಳ ಮುಖದಲ್ಲಿ ಅಯ್ಯೋ ಪಾಪ ಅನ್ನುವ ಕನಿಕರ ಇರಲಿಲ್ಲ. ಏಳನೆಯವಳು ಬೇಕಾಗಿತ್ತು, ಅಷ್ಟೇ. ಅದೇ ನನಗೆ ಹಿತವಾಯಿತು. ಚಪ್ಪಲಿ ಮೆಟ್ಟಿ ಹೊರಟೆ. ಅವತ್ತು ಮೊದಲ ಸಲ ಕೂಗಿದೆ; ದನಿ ಒಡೆದು ಕೋಳಿ ಕೂಗಿದಂತಾಯಿತು, ಚೆಂಡೂ ಕೈಜಾರಿತು. ಎಲ್ಲರೂ ಬಿದ್ದೂ ಬಿದ್ದೂ ನಕ್ಕರು. ನಾನೂ ನಕ್ಕೆ. ನಕ್ಕು ಎಷ್ಟು ತಿಂಗಳಾಗಿತ್ತೋ! ಒಂದೇ ದಿನಕ್ಕೆ ವಾಸಿಯಾಯಿತು ಅಂತಲ್ಲ. ಮಾತ್ರೆ ನಡೆದೇ ಇತ್ತು, ಎಷ್ಟೋ ಸಂಜೆ ಮಂಚ ಬಿಟ್ಟು ಏಳಲು ಆಗುತ್ತಿರಲಿಲ್ಲ. ಆಗೆಲ್ಲ ಆ ಪುಣ್ಯಾತ್ಗಿತ್ತಿ ಗೇಟಿನ ಹತ್ತಿರ ನಿಂತು ಬೀದಿಗೆಲ್ಲ ಕೇಳುವಂತೆ ಕರೆಯುತ್ತಿದ್ದಳು. ಮರ್ಯಾದೆಗಾದರೂ ಏಳುತ್ತಿದ್ದೆ.

ಏಪ್ರಿಲ್ ಕೊನೆಗೆ ಸ್ಕೂಲಿಗೆ ಹೋಗಿ, "ಬರ್ತೀನಿ ಮೇಡಂ, ಆದರೆ ಮತ್ತೆ ಹಾಗಾಗಲ್ಲ ಅಂತ ಭಾಷೆ ಕೊಡಕ್ಕಾಗಲ್ಲ" ಅಂದೆ. ಹೆಡ್‌ಮಿಸ್ಟ್ರೆಸ್ "ಬನ್ನಿ" ಅಂದರು.

ಜೂನ್‌ನ ಮೊದಲ ಕ್ಲಾಸು. ಹಾಜರಿ ಪುಸ್ತಕ ತೆರೆಯುವ ಮೊದಲೇ ಎದೆ ಹೊಡೆದುಕೊಳ್ಳತೊಡಗಿತು. ಕಣ್ಣು ಬಾಗಿಲ ಕಡೆ ಹೋಯಿತು. ಕಾಲನ್ನು ಅಲ್ಲೇ ಊರಿ ನಿಂತು, "ಮಕ್ಕಳೇ, ನನಗೀಗ ತುಂಬ ಭಯ ಆಗ್ತಿದೆ. ಎರಡು ನಿಮಿಷ ಕೊಡ್ತೀರಾ?" ಅಂದೆ.

"ಆಯ್ತು ಮಿಸ್" ಅಂದಳು ಮುಂದಿನ ಬೆಂಚಿನ ಒಬ್ಬ ಹುಡುಗಿ. ಇಡೀ ಕ್ಲಾಸು ಕೈಕಟ್ಟಿ ಕೂತಿತು. ನಾನು ಕುರ್ಚಿಯಲ್ಲಿ ಕೂತು ನೀರು ಕುಡಿದೆ. ಆಮೇಲೆ ಎದ್ದು ಪಾಠ ಶುರುಮಾಡಿದೆ.