ರಿಟರ್ನ್ ಗಿಫ್ಟಿಗೂ ಮೂಗಿನ ತುದಿಯಲ್ಲೇ ಕೋಪ

ನನಗೆ ಕೋಪ ಮೂಗಿನ ತುದಿಯಲ್ಲೇ ಇದೆ ಎಂದು ನಮ್ಮ ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ಮದುವೆಯಾಗಿ ಹೂಡಿ ಎಂಬ ಈ ಊರಿಗೆ ಬಂದ ಹೊಸದರಲ್ಲಿ ಅತ್ತೆ ಇದನ್ನು ಅಕ್ಕಪಕ್ಕದವರಿಗೆ ಗುಟ್ಟಾಗಿ ಹೇಳುತ್ತಿದ್ದರು. ಈಗ ನಾನು ನೆಂಟರಿಗೆ ಕಾಫಿ ಕೊಡುತ್ತಿರುವಾಗಲೇ, ನನ್ನೆದುರಿಗೇ ಹೇಳುತ್ತಾರೆ. ನಾನು ಅಲ್ಲಗಳೆಯುವುದಿಲ್ಲ. ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳಿ, ವೈಟ್‌ಫೀಲ್ಡ್ ಕಡೆಯ ಟ್ರಾಫಿಕ್ಕಿನಲ್ಲಿ ಬಸ್ಸಿನೊಳಗೆ ನಿಂತು ಮನೆ ಸೇರುವವಳಿಗೆ ಕೋಪ ಇನ್ನೆಲ್ಲಿರಬೇಕು? ಹೊಟ್ಟೆಯಲ್ಲಿಟ್ಟುಕೊಂಡರೆ ಅಲ್ಸರ್, ತಲೆಗೇರಿಸಿಕೊಂಡರೆ ಬಿ.ಪಿ. ಮೂಗಿನ ತುದಿಯಲ್ಲಿದ್ದರೆ ಒಂದು ಸೀನು ಸೀನಿದಂತೆ ಹೊರಗೆ ಹೋಗುತ್ತದೆ. ಆದರೆ ಈಗ ನಿಮಗೆ ಹೇಳಹೊರಟಿರುವ ಕೋಪ ಹಾಗೆ ಹೋಗಲಿಲ್ಲ. ಅದು ಒಂದು ರಟ್ಟಿನ ಡಬ್ಬಿಯಲ್ಲಿ ಕುಳಿತು ನಮ್ಮ ಮನೆಗೆ ಬಂತು.

ನಮ್ಮ ಮನೆಯ ಎದುರಿನ ರಸ್ತೆ ದಾಟಿದರೆ ದೊಡ್ಡ ಅಪಾರ್ಟ್‌ಮೆಂಟು. ಅದರ ಕಾಂಪೌಂಡಿನ ಮೂಲೆಯಲ್ಲಿ ಒಂದು ಟ್ರಾನ್ಸ್‌ಫಾರ್ಮರ್. ಒಂದು ಸಂಜೆ ಸ್ಕೂಲಿನಿಂದ ಬರುವಾಗ ಟ್ರಾನ್ಸ್‌ಫಾರ್ಮರಿನ ಹಿಂದೆ ಕೇಕಿನ ಡಬ್ಬಿಯೊಂದು ಅಲ್ಲಾಡುತ್ತಿರುವುದು ಕಾಣಿಸಿತು. ಇಲಿಯಿರಬೇಕೆಂದು ದೂರ ಸರಿದೆ. ಅಷ್ಟರಲ್ಲಿ ಡಬ್ಬಿಯಿಂದ ಎರಡು ಬಿಳಿ ಕಿವಿ ಮೇಲೆದ್ದವು. ಮೊಲ! ಕುತ್ತಿಗೆಗೆ ಗುಲಾಬಿ ಬಣ್ಣದ ರಿಬ್ಬನ್ನು, ರಿಬ್ಬನ್ನಿಗೆ ಮಿರಮಿರ ಮಿಂಚುವ ಒಂದು ಚೀಟಿ, ಚೀಟಿಯ ಮೇಲೆ ಇಂಗ್ಲಿಷಿನಲ್ಲಿ ‘ಥ್ಯಾಂಕ್ಯೂ ಫಾರ್ ಕಮಿಂಗ್’ ಎಂದು ಅಚ್ಚು ಹಾಕಿಸಿದ್ದರು. ಬಂದದ್ದಕ್ಕೆ ಧನ್ಯವಾದ ಹೇಳಿಸಿಕೊಂಡ ಆ ಪ್ರಾಣಿ ಕಸದ ನಡುವೆ ನಡುಗುತ್ತಾ ಕುಳಿತಿತ್ತು.

ಗೇಟಿನ ಸೆಕ್ಯೂರಿಟಿಯವನನ್ನು ಕೇಳಿದೆ. ಆತ ರಾಯಚೂರು ಕಡೆಯವನು, ನನ್ನನ್ನು ಕಂಡರೆ ಯಾವಾಗಲೂ ನಮಸ್ಕಾರ ಹೇಳುವವನು.

“ಐತ್ವಾರ ಕ್ಲಬ್‌ಹೌಸಿನ್ಯಾಗ ಬರ್ತ್‌ಡೇ ಇತ್ರೀ ಮೇಡಂ. ಬಂದ ಹುಡುಗ್ರಿಗೆಲ್ಲಾ ಒಂದೊಂದು ಮೊಲ ಕೊಟ್ಟು ಕಳಿಸ್ಯಾರ್ರೀ.”

“ಮೊಲಾನಾ? ಯಾಕೆ?”

“ರಿಟರ್ನ್ ಗಿಫ್ಟ್ ಅಂತ್ರೀ. ಒಂದು ಬೇಸ್‌ಮೆಂಟಿನ್ಯಾಗ ಸತ್ತು ಬಿದ್ದಿತ್ತು, ಒಂದನ್ನ ನಾಯಿ ಹಿಡೀತು. ಇದೊಂದು ಉಳದೈತಿ ನೋಡ್ರೀ.”

ನನ್ನ ಮೂಗಿನ ತುದಿ ಬಿಸಿಯಾದದ್ದು ಆಗ. ಡಬ್ಬಿ ಎತ್ತಿಕೊಂಡು ಮನೆಗೆ ಬಂದೆ. ಮೊಲ ಸಾಕಬೇಕೆಂಬ ಆಸೆ ನನಗೆ ಯಾವತ್ತೂ ಇರಲಿಲ್ಲ. ನಿಜ ಹೇಳಬೇಕೆಂದರೆ ಪ್ರೀತಿಯಿಂದ ತಂದದ್ದಲ್ಲ, ಸಿಟ್ಟಿನಿಂದ ತಂದದ್ದು.

ಕನ್ನಡ ಟೀಚರಿಗೆ ಸಿಟ್ಟು ಬಂದರೆ ವ್ಯಾಕರಣ ನೆನಪಾಗುತ್ತದೆ. ಬೇರೆ ಬೇರೆ ಭಾಷೆಯ ಪದಗಳನ್ನು ಹೊಂದಿಕೆಯಿಲ್ಲದೆ ಜೋಡಿಸಿದರೆ ಅದನ್ನು ಅರಿಸಮಾಸ ಎನ್ನುತ್ತೇವೆ. ಅರಿ ಎಂದರೆ ಶತ್ರು. ‘ರಿಟರ್ನ್ ಗಿಫ್ಟ್’ನಲ್ಲಿ ಎರಡೂ ಒಂದೇ ಭಾಷೆಯ ಪದಗಳು, ಆದರೂ ಹುಟ್ಟಾ ಶತ್ರುಗಳು. ಕೊಟ್ಟದ್ದು ಹಿಂದಿರುಗುವುದಾದರೆ ಅದು ಗಿಫ್ಟ್ ಅಲ್ಲ. ಗಿಫ್ಟ್ ಆದರೆ ಹಿಂದಿರುಗಬಾರದು. ಪೆನ್ಸಿಲ್ ಡಬ್ಬಿ ಕೊಡಲಿ, ಸ್ಟೀಲಿನ ಲೋಟ ಕೊಡಲಿ, ನನ್ನದೇನೂ ತಕರಾರಿಲ್ಲ. ಕಳೆದ ವರ್ಷ ಪಕ್ಕದ ಬ್ಲಾಕಿನವರು ಗಿಡ ಕೊಟ್ಟರಂತೆ, ಅದಕ್ಕೆ ಈ ವರ್ಷ ಇವರು ಮೊಲ ಕೊಟ್ಟರಂತೆ. ಹೀಗೇ ಮೇಲೆ ಹೋದರೆ ಮುಂದಿನ ವರ್ಷ ಯಾರೋ ಆನೆಮರಿ ಕೊಟ್ಟು ಸಂಜೆಗೆ ಅದನ್ನು ಹೂಡಿ ರೈಲ್ವೆ ಗೇಟಿನ ಹತ್ತಿರ ಬಿಟ್ಟು ಹೋಗುತ್ತಾರೆ.

ನಮ್ಮಲ್ಲಿ ಕೊಟ್ಟು ತೆಗೆದುಕೊಳ್ಳುವುದು ಇರಲಿಲ್ಲವೇ? ಬ್ಲೌಸ್ ಪೀಸ್ ಇಲ್ಲವೇ? ಅರಿಸಿನ ಕುಂಕುಮದ ಜೊತೆ ಕೊಡುವ ಬ್ಲೌಸ್ ಪೀಸನ್ನು ಹೊಲಿಸಿಕೊಂಡ ಹೆಂಗಸನ್ನು ನಾನಂತೂ ಕಂಡಿಲ್ಲ. ಅದು ಬೀರುವಿನಿಂದ ಬೀರುವಿಗೆ ಪ್ರಯಾಣ ಮಾಡುತ್ತದೆ. ನನ್ನ ಬಳಿ ನವಿಲು ಹಸಿರಿನದೊಂದಿದೆ. ನಾನೇ ಕೊಟ್ಟದ್ದು, ಗೃಹಪ್ರವೇಶದಲ್ಲೊಮ್ಮೆ, ಸೀಮಂತದಲ್ಲೊಮ್ಮೆ ಊರು ಸುತ್ತಿ ನನ್ನ ಮಡಿಲಿಗೇ ಬಂದಿದೆ. ಮೂಲೆಯಲ್ಲಿ ಬಿದ್ದ ಕುಂಕುಮದ ಕಲೆಯಿಂದ ಗುರುತು ಹಿಡಿಯುತ್ತೇನೆ. ಮಡಿಕೆ ಮಾಸಿದೆ, ಬಟ್ಟೆ ಗಟ್ಟಿಯಾಗಿದೆ. ರಿಟರ್ನ್ ಗಿಫ್ಟ್ ಎಂದರೆ ಅದು. ಆದರೆ ಮೊಲ ಬ್ಲೌಸ್ ಪೀಸಲ್ಲ ಎಂಬುದು ಅಷ್ಟು ದೊಡ್ಡ ಸಂಬಳದ ತಲೆಗಳಿಗೆ ಹೊಳೆಯಲಿಲ್ಲವಲ್ಲ!

ಮನೆಯಲ್ಲಿ ಅತ್ತೆ ಡಬ್ಬಿಯೊಳಗೆ ಇಣುಕಿ ನೋಡಿದರು. “ಇದೇನವ್ವ, ಮೊಲ ತಂದಿದ್ದೀಯ? ಸಾರಿಗಾ?”

“ಸಾಕೋಕೆ ಅತ್ತೆ.”

“ಸಾಕಕ್ಕಾ? ಕೋಳಿ ಸಾಕ್ತಾರೆ, ಕುರಿ ಸಾಕ್ತಾರೆ. ಮೊಲಾನ ಯಾರವ್ವ ಸಾಕ್ತಾರೆ? ನಿಮ್ಮಾವ ಅದೇ ಒಲದಾಗೆ ಬಲೆ ಆಕಿ ಇಡೀತಿದ್ರು.”

ಅತ್ತೆ ‘ಅದೇ ಹೊಲ’ ಎಂದದ್ದು ಆ ಅಪಾರ್ಟ್‌ಮೆಂಟಿನ ಕಡೆ ಕೈ ತೋರಿಸಿ. ಅಲ್ಲಿ ನಮ್ಮ ರಾಗಿ ಹೊಲವಿತ್ತು. ಮಾವನವರು ಬದುಕಿದ್ದಾಗಲೇ ಮಾರಿದರು. ಮೊಲದ ಹೆಸರೇನು ಎಂದು ಅತ್ತೆ ಕೇಳಿದಾಗ ನಾನಿನ್ನೂ ಸಿಟ್ಟಿನಲ್ಲೇ ಇದ್ದೆ. “ರಿಟರ್ನ್ ಗಿಫ್ಟ್” ಎಂದು ಹಲ್ಲು ಕಡಿದೆ. ಅವರು ಅದನ್ನು ಹೆಸರೆಂದೇ ತಿಳಿದು, ಅಂದಿನಿಂದ ‘ಗಿಪ್ಟಮ್ಮ’ ಎಂದು ಕರೆಯತೊಡಗಿದರು. ನನ್ನ ಯಜಮಾನರು ಮಾತ್ರ ಒಂದು ಮಾತೂ ಆಡಲಿಲ್ಲ. ಅವರ ಫೋನಿನ ಚಾರ್ಜರ್ ವೈರನ್ನು ಗಿಪ್ಟಮ್ಮ ಕಚ್ಚಿ ತುಂಡು ಮಾಡಿದ ಮೇಲೆ ಆಡಿದರು. ಅದನ್ನು ಇಲ್ಲಿ ಬರೆಯುವಂತಿಲ್ಲ.

ಮೊಲದ ವಿಷಯದಲ್ಲಿ ಎಲ್ಲರೂ ಪಂಡಿತರು. ಕ್ಯಾರೆಟ್ ತಿನ್ನುತ್ತದೆ, ಸಾಧು ಪ್ರಾಣಿ, ಸದ್ದು ಮಾಡುವುದಿಲ್ಲ ಎಂದು ಒಂದನೇ ಕ್ಲಾಸಿನ ಚಿತ್ರದ ಪುಸ್ತಕ ನೋಡಿದವರೆಲ್ಲ ಹೇಳಿದರು. ನಾನೂ ಕ್ಯಾರೆಟ್ ತಂದೆ. ಅತ್ತೆ ಇನ್ನೊಂದು ಹೆಜ್ಜೆ ಮುಂದೆ ಹೋದರು. ನಮ್ಮ ಕಡೆ ಒಂದು ಪದ್ಧತಿಯಿದೆ, ನಿಮಗೂ ಗೊತ್ತಿರುತ್ತದೆ. ಆಸ್ಪತ್ರೆಗೆ ಯಾರನ್ನು ನೋಡಲು ಹೋದರೂ ಒಂದು ಬ್ರೆಡ್ ಪೌಂಡು ಹಿಡಿದುಕೊಂಡೇ ಹೋಗುವುದು. ಜ್ವರ ಬಂದರೆ ಬ್ರೆಡ್ಡು, ಹೆರಿಗೆಯಾದರೆ ಬ್ರೆಡ್ಡು, ಕಾಲು ಮುರಿದರೂ ಬ್ರೆಡ್ಡು. ಸಂಕಟದಲ್ಲಿರುವ ಜೀವಕ್ಕೆಲ್ಲ ಬ್ರೆಡ್ಡೇ ಆಹಾರ ಎಂದು ನಂಬಿದ ಮನೆ ನಮ್ಮದು. ಗಿಪ್ಟಮ್ಮನಿಗೂ ಬೆಳಿಗ್ಗೆ ಸಂಜೆ ಹಾಲಿನಲ್ಲಿ ನೆನೆಸಿದ ಬ್ರೆಡ್ಡು ಸಿಕ್ಕಿತು. ಪಾಪ, ಹಸಿದಿತ್ತು, ತಿಂದಿತು. ನಾವಿಬ್ಬರೂ ಅದನ್ನು ನೋಡಿ ಕಣ್ತುಂಬಿಕೊಂಡೆವು.

ಒಂದು ವಾರ ಕಳೆಯುವುದರೊಳಗೆ ಅದು ಊಟ ಬಿಟ್ಟಿತು. ಸೋಫಾದ ಕೆಳಗೆ ಗುಂಡಗೆ ಕುಳಿತು ಹಲ್ಲು ಕಟಕಟ ಅನ್ನಿಸುತ್ತಿತ್ತು. ಸದಾ ಅದುರುತ್ತಿದ್ದ ಮೂಗು ಅದುರುವುದನ್ನೇ ನಿಲ್ಲಿಸಿತ್ತು. ನನಗೆ ಭಯವಾದದ್ದು ಆ ಮೂಗನ್ನು ನೋಡಿ. ಅತ್ತೆ ದೃಷ್ಟಿ ತೆಗೆದರು, ಬಜೆ ತೇಯ್ದು ನೆಕ್ಕಿಸಲು ಹೋದರು. ನಾನು ಬುಟ್ಟಿಯಲ್ಲಿಟ್ಟುಕೊಂಡು ಪಶು ಆಸ್ಪತ್ರೆಗೆ ಓಡಿದೆ.

“ಏನು ತಿನ್ನಿಸ್ತಿದ್ದೀರಿ?” ಎಂದರು ಡಾಕ್ಟರು.

“ಹಾಲು, ಬ್ರೆಡ್ಡು, ಕ್ಯಾರೆಟ್ಟು.”

“ಮೇಡಂ, ಇದು ಮೊಲ, ಪೇಷೆಂಟ್ ಅಲ್ಲ. ಬ್ರೆಡ್ ಹಾಕಿ ಹಾಕಿ ನೀವೇ ಪೇಷೆಂಟ್ ಮಾಡಿಬಿಟ್ಟಿದ್ದೀರಿ. ಹೊಟ್ಟೆ ನಿಂತೇಹೋಗಿದೆ.” ಅವರು ಇಂಜೆಕ್ಷನ್ ಕೊಟ್ಟು, ಹೊಟ್ಟೆ ನೀವಿ, ತಿರುಗಿಸಿ ನೋಡಿದರು. “ಹುಲ್ಲು ಬೇಕು ಇದಕ್ಕೆ. ಬರೀ ಹುಲ್ಲು. ಇವತ್ತು ಹುಲ್ಲು ತಿಂದು ಹಿಕ್ಕೆ ಹಾಕಿದ್ರೆ ಬದುಕ್ತು ಅಂತ ಲೆಕ್ಕ. ಇಲ್ಲಾಂದ್ರೆ ಕಷ್ಟ. ಅಂದಹಾಗೆ, ಇದು ಗಂಡು.”

ಹುಲ್ಲು! ಎಷ್ಟು ಸುಲಭದ ಮಾತು. ಹುಲ್ಲಿಗೇನು ಬರ ಎಂದುಕೊಂಡು, ಮೊಲವನ್ನು ಮನೆಯಲ್ಲಿ ಅತ್ತೆಯ ಬಳಿ ಬಿಟ್ಟು, ಹೂಡಿಯ ರಸ್ತೆಗಳಲ್ಲಿ ಹೊರಟೆ. ಆ ಮಧ್ಯಾಹ್ನದ ಸಿಟ್ಟನ್ನು ನಾನು ಇನ್ನೂ ಮರೆತಿಲ್ಲ. ಫುಟ್‌ಪಾತಿಗೆ ಕಲ್ಲು ಹಾಸಿದ್ದರು, ಚರಂಡಿಗೆ ಸ್ಲ್ಯಾಬ್ ಮುಚ್ಚಿದ್ದರು, ಖಾಲಿ ಸೈಟುಗಳ ತುಂಬ ಕಟ್ಟಡದ ಮಣ್ಣು. ಕೆರೆಯಂಗಳದ ಹುಲ್ಲು ಸೋಪಿನ ನೊರೆಯಲ್ಲಿ ತೋಯ್ದು ನಾರುತ್ತಿತ್ತು. ಇಡೀ ಊರಿಗೆ ಊರೇ ಹಸುವಿನ ಗೊಬ್ಬರದಲ್ಲಿ ಬೆಳೆದದ್ದು, ಅಲ್ಲಿ ಒಂದು ಹಿಡಿ ಹುಲ್ಲಿಲ್ಲ. ಕಣ್ಣಿಗೆ ಬಿದ್ದ ಹಸಿರೆಂದರೆ ಅದೇ ಅಪಾರ್ಟ್‌ಮೆಂಟಿನ ಲಾನು, ಅದರೊಳಗೆ ‘ಹುಲ್ಲಿನ ಮೇಲೆ ನಡೆಯಬಾರದು’ ಎಂಬ ಬೋರ್ಡು.

ನಾನು ನಡೆಯಲು ಹೋಗಲಿಲ್ಲ, ಕಿತ್ತುಕೊಳ್ಳಲು ಹೋದೆ. ಅಸೋಸಿಯೇಷನ್ನಿನ ಸೆಕ್ರೆಟರಿ ಬಂದರು. ಚಡ್ಡಿ ಹಾಕಿಕೊಂಡ, ಬಹಳ ವಿನಯದ ಮನುಷ್ಯ.

“ಮೇಡಂ, ಔಟ್‌ಸೈಡರ್ಸ್‌ಗೆ ಅಲೋ ಮಾಡಕ್ಕಾಗಲ್ಲ. ಪ್ಲಸ್, ನಿನ್ನೆ ತಾನೇ ಲಾನ್‌ಗೆ ಔಷಧಿ ಹೊಡೆಸಿದೀವಿ. ಒಂದು ಹುಳಾನೂ ಬದುಕಲ್ಲ.”

ಔಟ್‌ಸೈಡರ್! ನನ್ನ ಮಾವ ರಾಗಿ ಬಿತ್ತಿದ ಮಣ್ಣಿನ ಮೇಲೆ ನಿಂತು ಕೇಳಿದ ಮಾತು. ನನ್ನ ಬಾಯಿಂದ ಏನೇನು ಬಂತೋ ಸರಿಯಾಗಿ ನೆನಪಿಲ್ಲ, ಸೆಕ್ಯೂರಿಟಿಯವನು ಕಿಸಕ್ಕನೆ ನಕ್ಕದ್ದು ಮಾತ್ರ ನೆನಪಿದೆ. ಮೊಲ ಹಂಚುವವರು ಒಳಗಿನವರು, ಮೊಲಕ್ಕೆ ಹುಲ್ಲು ಕೇಳುವವಳು ಹೊರಗಿನವಳು. ಹುಳುವನ್ನೂ ಬದುಕಲು ಬಿಡದ ಹುಲ್ಲನ್ನು ಹುಲ್ಲು ಎಂದು ಯಾವ ಬಾಯಲ್ಲಿ ಕರೆಯುತ್ತಾರೋ! ಅಳು ಬಂತು. ಕೋಪಿಷ್ಠರ ಅಳು ಬಹಳ ಕೆಟ್ಟದ್ದು, ಅದನ್ನು ನೋಡಿ ಯಾರೂ ಅಯ್ಯೋ ಎನ್ನುವುದಿಲ್ಲ.

ಹಿಂದಿರುಗುವಾಗ ಗಣಪತಿ ಗುಡಿಯ ಮುಂದೆ ಹೂವಿನವಳ ಬುಟ್ಟಿ ಕಣ್ಣಿಗೆ ಬಿತ್ತು. ಅವತ್ತು ಸಂಕಷ್ಟಿ. ಬುಟ್ಟಿ ತುಂಬ ಕಟ್ಟುಕಟ್ಟು ಗರಿಕೆ! ಗರಿಕೆಯೂ ಹುಲ್ಲೇ ಎಂಬುದು ಇಷ್ಟು ವರ್ಷ ಕನ್ನಡ ಪಾಠ ಹೇಳಿದರೂ ನನಗೆ ಅಷ್ಟು ಹೊತ್ತು ಹೊಳೆದಿರಲಿಲ್ಲ, ಪೂಜೆಗೆ ಬಂದದ್ದನ್ನು ನಾವು ಹುಲ್ಲೆಂದು ಕರೆಯುವುದಿಲ್ಲವಲ್ಲ. ಇದ್ದದ್ದನ್ನೆಲ್ಲ ಬಾಚಿಕೊಂಡೆ.

“ಇಷ್ಟೊಂದಾ ಅಕ್ಕಾ? ಭಾರೀ ಹರಕೆ ಇರ್ಬೇಕು,” ಎಂದಳು ಹೂವಿನವಳು.

“ಹೌದಮ್ಮ, ಭಾರೀದೇ,” ಎಂದೆ.

ದೇವರ ಗರಿಕೆಯನ್ನು ಮೊಲಕ್ಕೆ ಹಾಕುವುದೇ ಎಂದು ಅತ್ತೆ ಒಂದು ಕ್ಷಣ ಅಳುಕಿದರು. ಆಮೇಲೆ ನಾಲ್ಕು ಎಸಳು ತೆಗೆದು ಗಣಪತಿ ಪಟಕ್ಕೆ ಸಿಕ್ಕಿಸಿ, “ಮೊದ್ಲು ಅವ್ನಿಗೆ, ಆಮ್ಯಾಕೆ ಇವ್ನಿಗೆ. ಇಲಿ ಸಾಕಿರೋನು, ಮೊಲುಕ್ಕೆ ಬ್ಯಾಡ ಅಂದಾನಾ?” ಎಂದು ತೀರ್ಪು ಕೊಟ್ಟರು. ಸೋಫಾದ ಮುಂದೆ ನಾವಿಬ್ಬರೂ ನೆಲದ ಮೇಲೆ ಕುಳಿತೆವು. ಒಂದು ಎಸಳನ್ನು ಅದರ ಮೂಗಿಗೆ ತಾಗಿಸಿದೆ. ಅಲ್ಲಾಡಲಿಲ್ಲ. ಇನ್ನೊಂದು ತಾಗಿಸಿದೆ. ತಿನ್ನೋ ಮಾರಾಯ, ನಿನ್ನನ್ನು ಬಿಸಾಡಿದವರ ಮೇಲಿನ ಸಿಟ್ಟಿಗಾದರೂ ತಿನ್ನು ಎಂದೆ. ಬಹಳ ಹೊತ್ತಿನ ಮೇಲೆ ಮೂಗಿನ ತುದಿ ಒಂದು ಸಲ ಅದುರಿತು. ಆಮೇಲೆ ಗರಿಕೆ ಒಂದೊಂದೇ ಎಸಳು ಒಳಗೆ ಹೋಗತೊಡಗಿತು. ದೀಪ ಹಚ್ಚುವ ಹೊತ್ತಿಗೆ ನಾನು ಅಡುಗೆಮನೆಯಲ್ಲಿದ್ದಾಗ ಅತ್ತೆಯ ಕೂಗು ಕೇಳಿಸಿತು. “ಬಾರವ್ವ ಬೇಗ, ಆಕವ್ನೆ! ಗಿಪ್ಟಪ್ಪ ಇಕ್ಕೆ ಆಕವ್ನೆ!”

ಮೆಣಸಿನ ಕಾಳಿನಂಥ ಆ ಹಿಕ್ಕೆಗಳನ್ನು ಕಂಡು ಇಬ್ಬರು ಹೆಂಗಸರು ಹಿಗ್ಗಿದ್ದನ್ನು ಯಾರಾದರೂ ನೋಡಿದ್ದರೆ ನಮ್ಮನ್ನೂ ಆಸ್ಪತ್ರೆಗೆ ಸೇರಿಸಿ ಬ್ರೆಡ್ ತಂದುಕೊಡುತ್ತಿದ್ದರು. ಸಂತೋಷಕ್ಕೆ ನಾನು ಗಿಪ್ಟಪ್ಪನನ್ನು ಎತ್ತಿ ಮುದ್ದಾಡಿದೆ. ಅವನು ಕೊಸರಿಕೊಂಡು ಕೆಳಗೆ ಹಾರಿ, ನನಗೆ ಬೆನ್ನು ತಿರುಗಿಸಿ, ಹಿಂಗಾಲಿನಿಂದ ನೆಲಕ್ಕೆ ಧಪ್ ಎಂದು ಅಪ್ಪಳಿಸಿದ. ಅಷ್ಟು ಪುಟ್ಟ ಮೈಯಿಂದ ಅಷ್ಟು ದೊಡ್ಡ ಸದ್ದು! ಸಾಧು ಪ್ರಾಣಿಯಂತೆ, ಸಾಧು. ತರ್ಕಶಾಸ್ತ್ರದವರು ಇಲ್ಲದ ವಸ್ತುವಿಗೆ ಉದಾಹರಣೆಯಾಗಿ ಮೊಲದ ಕೊಂಬನ್ನು ಹೇಳುತ್ತಾರೆ. ಅವರು ತಲೆಯನ್ನು ನೋಡಿದರೇ ಹೊರತು ಹಿಂಗಾಲನ್ನು ನೋಡಲಿಲ್ಲ. ನಮ್ಮವನಿಗಂತೂ ಅಂದಿನಿಂದ ಚೆನ್ನಾಗಿಯೇ ಕೊಂಬು ಬಂತು. ಬುಟ್ಟಿ ಸರಿಸಿದರೆ ಧಪ್, ಗರಿಕೆ ತಡವಾದರೆ ಧಪ್, ಟೀವಿಯಲ್ಲಿ ಜಾಹೀರಾತು ಜೋರಾದರೆ ಧಪ್. ಇಷ್ಟು ದಿನ ಹೆದರಿಕೆಯಿಂದ ಅದುರುತ್ತದೆ ಎಂದುಕೊಂಡಿದ್ದ ಆ ಮೂಗಿನ ತುದಿಯಲ್ಲಿ ಇದ್ದದ್ದು ಏನೆಂದು ನನಗಲ್ಲದೆ ಇನ್ನಾರಿಗೆ ತಿಳಿಯಬೇಕು?

ಕೆಲವು ತಿಂಗಳ ಮೇಲೆ ಒಂದು ಸಂಜೆ ಬಾಗಿಲಲ್ಲಿ ಒಬ್ಬ ಹೆಣ್ಣುಮಗಳು ನಿಂತಿದ್ದಳು. ಕುತ್ತಿಗೆಯಲ್ಲಿ ಕಂಪನಿಯ ಟ್ಯಾಗು, ಮುಖದ ತುಂಬ ನಗು.

“ಹಾಯ್ ಆಂಟಿ. ಎದುರಿನ ಅಪಾರ್ಟ್‌ಮೆಂಟಿನವಳು ನಾನು. ನಿಮ್ಮನೇಲಿ ಒಂದು ರ‍್ಯಾಬಿಟ್ ಇದೆಯಂತೆ, ಸೆಕ್ಯೂರಿಟಿ ಹೇಳಿದ್ರು. ಆಕ್ಚುಯಲಿ ಅದು ನಾವೇ ಕೊಟ್ಟಿದ್ದು, ಮಗಳ ಬರ್ತ್‌ಡೇಲಿ.”

ನಾನು ಬಾಗಿಲಿಗೆ ಅಡ್ಡವಾಗಿ ನಿಂತೆ.

“ನಾಳೆ ಅವಳ ಸ್ಕೂಲಲ್ಲಿ ಪೆಟ್ ಡೇ. ಒಂದೇ ಒಂದು ದಿನ ಕೊಡ್ತೀರಾ ಆಂಟಿ? ಸಂಜೆ ರಿಟರ್ನ್ ಮಾಡ್ತೀನಿ. ಪ್ರಾಮಿಸ್.”

ಟ್ರಾನ್ಸ್‌ಫಾರ್ಮರ್ ಹಿಂದಿನ ಡಬ್ಬಿ, ಬೇಸ್‌ಮೆಂಟಿನಲ್ಲಿ ಸತ್ತದ್ದು, ನಾಯಿ ಹಿಡಿದದ್ದು, ಎಲ್ಲ ಒಟ್ಟಿಗೆ ನೆನಪಾದವು. ಜೀವಮಾನದಲ್ಲಿ ಮೊದಲ ಬಾರಿಗೆ ಸಿಟ್ಟಿನಿಂದ ನನ್ನ ಬಾಯಿ ಕಟ್ಟಿಹೋಯಿತು. ಆಗ ಸೋಫಾದ ಕೆಳಗಿನಿಂದ ಕೇಳಿಸಿತು, ಧಪ್.

“ಅದೇನ್ ಆಂಟಿ ಸೌಂಡು?”

“ಬರಲ್ಲ ಅಂತಿದಾನೆ,” ಎಂದೆ.

ಅವಳ ನಗು ಮಾಸಿತು. ಹೊರಡಲು ತಿರುಗಿದಳು. ಒಳಗಿನಿಂದ ಅತ್ತೆ ಕೂಗಿದರು, “ಮನೆಗೆ ಬಂದ ಎಣ್ಮಗಳ್ನ ಬರಿಗೈಲಿ ಕಳಿಸ್ಬ್ಯಾಡ ಕಣವ್ವ. ಕುಂಕುಮ ಕೊಡು.” ಎಷ್ಟೇ ಸಿಟ್ಟಿದ್ದರೂ ಈ ಮಾತನ್ನು ಮೀರಲು ಬರುವುದಿಲ್ಲ. ತಟ್ಟೆಯಲ್ಲಿ ಎಲೆ ಅಡಿಕೆ ಇಟ್ಟೆ. ಬೀರು ತೆರೆದು ನವಿಲು ಹಸಿರಿನ ಆ ಬ್ಲೌಸ್ ಪೀಸ್ ತೆಗೆದೆ.

“ಅಯ್ಯೋ, ಇದೆಲ್ಲ ಯಾಕೆ ಆಂಟಿ?”

“ರಿಟರ್ನ್ ಗಿಫ್ಟಮ್ಮ,” ಎಂದೆ.

ಇನ್ನೆರಡು ವರ್ಷದಲ್ಲಿ ಯಾವುದಾದರೂ ಗೃಹಪ್ರವೇಶದಿಂದ ಅದು ತಿರುಗಿ ನನ್ನ ಬೀರುವಿಗೇ ಬರುತ್ತದೆ, ನನಗೆ ಖಾತ್ರಿಯಿದೆ. ಬರದಿದ್ದರೂ ಬೇಸರವಿಲ್ಲ. ಅವರು ಅದನ್ನು ಆ ಟ್ರಾನ್ಸ್‌ಫಾರ್ಮರ್ ಹಿಂದೆ ಬಿಸಾಡಿ ಹೋದರೂ ಅದಕ್ಕೆ ಹಸಿವಾಗುವುದಿಲ್ಲ.