ಗಂಗವ್ವನ ಕಣ್ಣು ಮತ್ತೆ ಬರೆದ ದಿನ

“ಅಕ್ಕೋರ, ಚಿತ್ರ ಚಲೋ ಐತಿ. ಆದ್ರ ಇದು ನಾ ಅಲ್ರಿ,” ಎಂದರು ಗಂಗವ್ವ. ದೊಡವಾಡದ ಹತ್ತಿರದ ಅವರ ಹಳ್ಳಿಯ ಪಂಚಾಯ್ತಿ ಕಚೇರಿಯಲ್ಲಿ ಆಗಷ್ಟೇ ಚಿತ್ರದ ಮೇಲಿನ ಬಟ್ಟೆ ಸರಿಸಿದ್ದೆವು. ಚಪ್ಪಾಳೆ ತಟ್ಟುತ್ತಿದ್ದ ಜನ ಚಿತ್ರವನ್ನೊಮ್ಮೆ, ಅವರನ್ನೊಮ್ಮೆ ನೋಡತೊಡಗಿದರು.

ಅದು ಎಪ್ಪತ್ತರ ದಶಕ. ಗಂಗವ್ವ ಆ ಊರಿನ ಮೊದಲ ಮಹಿಳಾ ಚೇರ್ಮನ್ನರು. ಬೈಲಹೊಂಗಲದ ಶಾಲೆಯೊಂದರಲ್ಲಿ ಚಿತ್ರಕಲಾ ಶಿಕ್ಷಕಿಯಾಗಿದ್ದ ನಾನು, ಹಿಂದಿನ ಚೇರ್ಮನ್ನರ ಚಿತ್ರಗಳ ಸಾಲಿನಲ್ಲಿ ತೂಗುಹಾಕಲು ಅವರ ಚಿತ್ರ ಬರೆದಿದ್ದೆ. ಹೆಣ್ಣಿಗೆ ಅದೇ ಚೆಂದವೆಂದು ಅವರ ನೋಟವನ್ನು ಕೆಳಗಿಳಿಸಿದ್ದೆ.

“ತಪ್ಪೇನಾತ್ರಿ?” ಎಂದು ಅಳುಕುತ್ತಲೇ ಕೇಳಿದೆ.

“ನೆಲಾ ನೋಡಕೋತ ಕುಂತಿದ್ರ ಈ ಊರಿಗೆ ನಳದ ನೀರು ಬರತಿತ್ತೇನ್ರಿ? ಸಾಹೇಬರ ಮಾರಿ ನೋಡಿ ಕೇಳೇನಿ, ತಂದೇನಿ. ಕಣ್ಣ ಹಂಗ ತಗೀರಿ.”

ಅಲ್ಲಲ್ಲಿ ತಿದ್ದಲೆಂದು ತಂದಿದ್ದ ಬಣ್ಣ ಚೀಲದಲ್ಲೇ ಇತ್ತು. ಗಂಗವ್ವ ಕುರ್ಚಿಯಲ್ಲಿ ನೆಟ್ಟಗೆ ಕುಳಿತು ನನ್ನನ್ನೇ ದಿಟ್ಟಿಸಿದರು. ಊರವರೆಲ್ಲರ ಎದುರು ಹಳೆಯ ಕಣ್ಣುಗಳ ಮೇಲೆ ಬಣ್ಣ ಬಳಿದು, ಹೊಸದಾಗಿ ಬರೆದೆ. ಮುಗಿದಾಗ ಬಾಗಿಲ ಬಳಿ ನಿಂತಿದ್ದ ಹೆಂಗಸರೇ ಮೊದಲು ಚಪ್ಪಾಳೆ ತಟ್ಟಿದರು.

ಚಿತ್ರದ ಮೇಲೆ ನನ್ನ ಹೆಸರು ಹಾಕಲು ಅಲ್ಲಿಯವರೆಗೂ ಸಂಕೋಚಪಡುತ್ತಿದ್ದೆ. ಅಂದು ಕೆಳಗಿನ ಮೂಲೆಯಲ್ಲಿ ಪೂರ್ತಿ ಹೆಸರನ್ನು ದೊಡ್ಡ ಅಕ್ಷರದಲ್ಲಿ ಬರೆದೆ. ಆಮೇಲೆ ಯಾವ ಚಿತ್ರದಲ್ಲೂ ಹೆಸರು ಹಾಕುವುದನ್ನು ಬಿಟ್ಟಿಲ್ಲ.