ಸೋತವರು ಗುಲಾಬಿಯನ್ನೇ ಆಡಿಸಬೇಕು

ಚಾಮರಾಜಪೇಟೆಯ ಮುನಿರಾಜುವಿನ ಗೇಮ್ ಅಂಗಡಿಗೆ ಬೋರ್ಡು ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ಅವನಪ್ಪ ಅರ್ಜುನಪ್ಪ ಈರುಳ್ಳಿ ಮೂಟೆ ಪೇರಿಸಿಡುತ್ತಿದ್ದ ಗೋದಾಮು ಅದು. ಅಪ್ಪ ಹೋದ ಮೇಲೆ ಮುನಿರಾಜು ತರಕಾರಿ ವ್ಯಾಪಾರಕ್ಕೆ ಕೈಮುಗಿದು, ನಾಲ್ಕು ಟೀವಿ, ನಾಲ್ಕು ಗೇಮ್ ಪೆಟ್ಟಿಗೆ, ಎಂಟು ಪ್ಲಾಸ್ಟಿಕ್ ಕುರ್ಚಿ ತಂದು ಹಾಕಿದ. ಅದು ಎರಡು ಸಾವಿರದ ಒಂದನೇ ಇಸವಿ. ಆರು ವರ್ಷ ಕಳೆದರೂ ಬಾಗಿಲು ತೆಗೆದರೆ ಮೊದಲು ಮೂಗಿಗೆ ಹೊಡೆಯುತ್ತಿದ್ದುದು ಈರುಳ್ಳಿಯೇ.

ಅಂಗಡಿಯ ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ಒಂದೇ ಒಂದು ಸಾಲು ಬರೆದಿತ್ತು: ‘ಸತತ ಮೂರು ಸಲ ಸೋತವರು ಗುಲಾಬಿಯನ್ನೇ ಆಡಿಸಬೇಕು.’ ಬರೆದವನು ಮುನಿರಾಜುವೇ. ಮುದ್ದಾದ ಅಕ್ಷರ, ಶಾಲೆಯಲ್ಲಿ ಅದಕ್ಕೆ ಬಹುಮಾನ ಬಂದಿತ್ತು.

ಗುಲಾಬಿ ಅಂದರೆ ಹೂವಲ್ಲ. ಅಲ್ಲಿ ಎಲ್ಲರೂ ಮುಗಿಬಿದ್ದು ಆಡುತ್ತಿದ್ದ ಹೊಡೆದಾಟದ ಗೇಮಿನಲ್ಲಿ ಹನ್ನೆರಡು ಜನ ಜಟ್ಟಿಗಳು. ಅವರಲ್ಲೊಬ್ಬ ಗುಲಾಬಿ ಬಣ್ಣದ ಶಾಲು ಹೊದ್ದು, ಸೊಂಟ ಬಳುಕಿಸುತ್ತ ಕಣಕ್ಕಿಳಿಯುತ್ತಿದ್ದ. ಹೊಡೆತ ಬಿದ್ದರೆ ಕೀಚಲು ದನಿಯಲ್ಲಿ ಕಿರುಚುತ್ತಿದ್ದ, ಗೆದ್ದರೆ ಎದುರಾಳಿಗೆ ಗಾಳಿಯಲ್ಲೇ ಮುತ್ತು ತೂರುತ್ತಿದ್ದ. ಅವನನ್ನು ಆಡಿಸುವುದೆಂದರೆ ಮಾನ ಹರಾಜಾದಂತೆ. ದಂಡ ಕಟ್ಟುವವನ ಸುತ್ತ ಉಳಿದವರೆಲ್ಲ ನಿಂತು ಸೀಟಿ ಹೊಡೆಯುತ್ತಿದ್ದರು. ಆ ತಮಾಷೆ ನೋಡಲೆಂದೇ ಬಸವನಗುಡಿಯಿಂದಲೂ ಹುಡುಗರು ಬರುತ್ತಿದ್ದರು.

ಆ ನಿಯಮ ಹುಟ್ಟಿದ್ದು ಹೇಗೆಂದು ಮುನಿರಾಜುವನ್ನು ಬಿಟ್ಟರೆ ಇನ್ನೊಬ್ಬರಿಗೆ ಗೊತ್ತಿರಲಿಲ್ಲ. ಅಂಗಡಿ ತೆರೆದ ಹೊಸದರಲ್ಲಿ, ಗಿರಾಕಿಗಳಿಲ್ಲದ ಮಧ್ಯಾಹ್ನಗಳಲ್ಲಿ ಅವನು ಒಬ್ಬನೇ ಕೂತು ಗುಲಾಬಿಯನ್ನು ಆಡಿಸುತ್ತಿದ್ದ. ತನಗೆ ಹೆಣ್ಣಿನ ಮೇಲೆ ಮನಸ್ಸು ಹೋಗುವುದಿಲ್ಲ ಎಂಬುದು ಅವನಿಗೆ ಹದಿನಾರಕ್ಕೇ ತಿಳಿದಿತ್ತು. ತನ್ನಂಥವನೊಬ್ಬ, ಎಂಥವನೇ ಆಗಲಿ, ದೈತ್ಯನಂಥವರನ್ನು ಎತ್ತಿ ಒಗೆಯುವುದನ್ನು ಅವನು ಬೇರೆಲ್ಲೂ ಕಂಡಿರಲಿಲ್ಲ. ಒಂದು ದಿನ ಹಿಂದಿನಿಂದ ಯಾರೋ, “ಏನಣ್ಣ, ಯಾವಾಗ್ಲೂ ಇವನನ್ನೇ ತಗೋತೀರಲ್ಲ?” ಎಂದು ಕೇಳಿಬಿಟ್ಟರು. ಮುನಿರಾಜುವಿನ ಎದೆ ಧಸಕ್ಕೆಂದಿತು. “ಮೂರು ಸಲ ಸೋತೆ ಮಾರಾಯ. ಸೋತವರಿಗೆ ಇದೇ ದಂಡ ಇಲ್ಲಿ!” ಎಂದು ನಕ್ಕ. ಆ ಸುಳ್ಳು ನಿಜವಾಗಿ ಕಾಣಲೆಂದು ಮರುದಿನವೇ ಬಣ್ಣ ತಂದು ಗೋಡೆಯ ಮೇಲೆ ಬರೆದ. ತನ್ನ ತಲೆಯ ಮೇಲೆ ತಾನೇ ಚಪ್ಪಡಿ ಎಳೆದುಕೊಳ್ಳುವುದೆಂದರೆ ಇದು, ಅದೂ ಮುದ್ದಾದ ಅಕ್ಷರದಲ್ಲಿ.

ನಂದಕುಮಾರ್ ಬರತೊಡಗಿದ್ದು ಎರಡು ಸಾವಿರದ ಮೂರರಲ್ಲಿ. ನಗರ್ತಪೇಟೆಯಲ್ಲಿ ಗುಂಡಿ, ಲೇಸು, ದಾರದ ಸಗಟು ಅಂಗಡಿ ಅವನದು. ಮೂವತ್ತು ದಾಟಿದವನು, ಮಾತು ಕಡಿಮೆ. ಶನಿವಾರ ಸಂಜೆ ಬಂದು ಎರಡು ಗಂಟೆ ಆಡಿ, ಆಮೇಲೆ ಮುನಿರಾಜುವಿನ ಜೊತೆ ಬೈಟು ಕಾಫಿ ಕುಡಿದು ಹೋಗುತ್ತಿದ್ದ. ಆ ಅರ್ಧ ಲೋಟ ಕಾಫಿಗಾಗಿ ಮುನಿರಾಜು ವಾರವಿಡೀ ಕಾಯುತ್ತಿದ್ದ. ಇವನೂ ನನ್ನ ಹಾಗೆಯೇ ಇರಬಹುದೇ ಎಂಬ ಆಸೆ ನಾಲಿಗೆ ತುದಿಯವರೆಗೆ ಬಂದು ನಾಲ್ಕು ವರ್ಷವೂ ಅಲ್ಲೇ ಕೂತಿತ್ತು.

ಎರಡು ಸಾವಿರದ ಏಳರ ಒಂದು ಶನಿವಾರ ನಂದಕುಮಾರ್ ಮೊದಲ ಬಾರಿಗೆ ಒಂದರ ಹಿಂದೊಂದು ಮೂರು ಆಟ ಸೋತ. “ಗುಲಾಬಿ! ಗುಲಾಬಿ!” ಎಂದು ಕೂಗು ಎದ್ದಿತು. ಅವನು ಜಾಯ್‌ಸ್ಟಿಕ್ ಕೆಳಗಿಟ್ಟ.

“ನಾನಾಡಲ್ಲ.”

“ಯಾಕ್ ಗುರು, ಭಯಾನಾ? ಅಥ್ವಾ ನೀನೂ ಅದೇ ಕೇಸಾ?” ಎಂದವನು ಅನಿಲ್ ಕುಮಾರ್. ಔಷಧಿ ಕಂಪನಿಯ ರೆಪ್ಪು, ದಿನವೂ ಬರುವ ಗಿರಾಕಿ, ಅಂಗಡಿಗೆಲ್ಲ ಅವನದೇ ದೊಡ್ಡ ಬಾಯಿ. ಎಲ್ಲರೂ ಹೋ ಎಂದರು.

ನಂದಕುಮಾರ್ ಮುನಿರಾಜುವಿನ ಕಡೆ ತಿರುಗಿದ. ಅಂಗಡಿ ಯಾರದು? ಮುನಿರಾಜುವಿನದು. ‘ಸಾಕು ಬಿಡ್ರೋ’ ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಅವನಿಗೆ ಮತ್ತೆ ಅದೇ ಹಳೆಯ ಧಸಕ್ಕು. “ರೂಲ್ ಅಂದ್ರೆ ರೂಲ್ ಕಣಪ್ಪ ನಂದ, ಆಡ್ಬಿಡು,” ಎಂದ. ನಕ್ಕೂಬಿಟ್ಟ.

ನಂದಕುಮಾರ್ ಆಡಿದ. ಆಡಿದ್ದೆಂದರೆ ಎಂಥದ್ದು! ಗುಲಾಬಿಗೆ ಇಂಥ ಪಟ್ಟುಗಳಿವೆಯೆಂದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅನಿಲ್ ಕುಮಾರನ ಜಟ್ಟಿ ಒಂದು ಏಟೂ ಹಾಕಲಾಗದೆ ಮಣ್ಣು ಮುಕ್ಕಿದ. ಎಲ್ಲೋ ಒಬ್ಬನೇ ಕೂತು ತಿಂಗಳುಗಟ್ಟಲೆ ಆಡಿಸಿದವನಿಗೆ ಮಾತ್ರ ಬರುವ ಕೈಚಳಕ ಅದು. ಮುನಿರಾಜುವಿಗೆ ಅರ್ಥವಾಯಿತು. ದುರದೃಷ್ಟಕ್ಕೆ ಉಳಿದವರಿಗೂ ಅರ್ಥವಾಯಿತು. ಸೀಟಿ ನಿಂತು ಗುಸುಗುಸು ಶುರುವಾಯಿತು. ನಂದಕುಮಾರ್ ಎದ್ದು ಚಪ್ಪಲಿ ಮೆಟ್ಟಿಕೊಂಡು ಹೋದ. ಅವತ್ತು ಕಾಫಿ ಇಲ್ಲ. ಮುಂದಿನ ಶನಿವಾರವೂ ಬರಲಿಲ್ಲ, ಅದರ ಮುಂದಿನದೂ ಹಾಗೇ ಹೋಯಿತು.

ಮೂರನೇ ವಾರ ಮುನಿರಾಜು ಸುಣ್ಣದ ಡಬ್ಬಿ ಹಿಡಿದು ಗೋಡೆಯ ಮುಂದೆ ನಿಂತ. ಅನಿಲ್ ಕುಮಾರ್ ಓಡಿಬಂದ.

“ಅಣ್ಣ, ಏನ್ ಮಾಡ್ತಿದೀರ? ಅಂಗಡೀಲಿ ಮಜಾ ಇರೋದೇ ಅದೊಂದು.”

“ನನಗೆ ಮಜಾ ಅನ್ಸಲ್ಲ. ಉಳಿದ ಹನ್ನೊಂದು ಜಟ್ಟಿಗಳಿಗೆ ಊರಿದೆ, ಅಪ್ಪ ಇದಾನೆ, ತೀರಿಸ್ಕೊಳ್ಳೋಕೆ ಹಗೆ ಇದೆ. ಆಟ ಶುರುವಾಗೋಕ್ ಮುಂಚೆ ಒಬ್ಬೊಬ್ಬರ ಕಥೆನೂ ಹೇಳ್ತಾರೆ. ಗುಲಾಬಿಗೆ ಏನಿದೆ? ಒಂದು ಶಾಲು, ಒಂದು ಮುತ್ತು. ಅಷ್ಟೇನಾ ಮನುಷ್ಯ ಅಂದ್ರೆ?”

“ಅಯ್ಯೋ, ಗೇಮ್ ಮಾಡ್ದೋರು ನಗ್ಲಿ ಅಂತ ಹಾಕಿದಾರೆ, ನಾವು ನಗ್ತೀವಿ. ನಮ್ದೇನ್ ತಪ್ಪು?”

ಪಕ್ಕದ ಟೀವಿಯಲ್ಲಿ ಯುದ್ಧದ ಗೇಮ್ ಆಡುತ್ತಿದ್ದ ಚಲುವರಾಜು ಕತ್ತು ತಿರುಗಿಸಿದ. ಅವನು ಟೆಂಪೊ ಡ್ರೈವರು, ಜಗಳ ಬಿಡಿಸುವ ಸ್ವಭಾವದವನು. “ಇದ್ರಲ್ಲಿ ಅಂಥವನೊಬ್ಬನ್ನ ಚೆನ್ನಾಗಿ ತೋರ್ಸಿದಾರಲ್ಲಣ್ಣ. ಆ ಸಾರ್ಜೆಂಟು ಸಾಯೋವಾಗ ತನ್ನ ಗೆಣೆಕಾರನ ಫೋಟೊ ತೆಗೀತಾನೆ. ನನಗೇ ಪಾಪ ಅನ್ಸ್ತು.”

“ಪಾಪ ಅನ್ಸೋಕೆ ಅವನು ಸಾಯ್ಲೇಬೇಕಾ ಚಲುವ? ಬದುಕಿದ್ದಾಗ ಆ ಫೋಟೊ ಯಾಕೆ ತೆಗೀಲಿಲ್ಲ?”

“ಆಗ ತೆಗೆದಿದ್ರೆ ಯಾರ್ ಆಡ್ತಿದ್ರು?” ಎಂದ ಅನಿಲ್ ಕುಮಾರ್. “ನಾನಂತೂ ಡಿಸ್ಕ್ ಈಚೆ ತೆಗೀತಿದ್ದೆ.”

ಮುನಿರಾಜುವಿಗೆ ಮೈ ಪರಚಿಕೊಳ್ಳುವಂತಾಯಿತು. ಒಬ್ಬನನ್ನು ಕೋಡಂಗಿ ಮಾಡಿದ್ದಾರೆ, ಇನ್ನೊಬ್ಬನನ್ನು ಹೆಣ ಮಾಡಿದ್ದಾರೆ, ಈ ಮಹಾನುಭಾವರಿಗೆ ಎರಡೂ ಸರಿಯಾಗೇ ಕಾಣುತ್ತವೆ! ಬೆಳಿಗ್ಗೆ ಹಾಲು ತರುವವನು, ಅಮ್ಮನ ಜೊತೆ ಜಗಳವಾಡುವವನು, ಕಾಫಿಗೆ ಸಕ್ಕರೆ ಜಾಸ್ತಿಯಾಯಿತೆಂದು ಗೊಣಗುವವನು, ಅಂಥವನೊಬ್ಬ ಯಾವ ಡಿಸ್ಕಿನಲ್ಲೂ ಇಲ್ಲವಲ್ಲ. ಇದನ್ನೆಲ್ಲ ಹೇಳಬೇಕೆಂದು ಬಾಯಿ ತೆರೆದ.

“ಸರಿ ಅಣ್ಣ,” ಎಂದ ಅನಿಲ್ ಕುಮಾರ್, ಕಣ್ಣು ಕಿರಿದು ಮಾಡಿ. “ಇದಕ್ಕೆ ನಿಮಗ್ಯಾಕೆ ಇಷ್ಟು ಉರಿ?”

ಮುನಿರಾಜು ಡಬ್ಬಿಯೊಳಗೆ ಕುಂಚ ಅದ್ದಿದ. “ಗಿರಾಕಿ ಹೋಗ್ತಾರಪ್ಪ, ವ್ಯಾಪಾರಕ್ಕೆ ತೊಂದ್ರೆ,” ಎಂದುಬಿಟ್ಟ. ಹೇಳಿದ ಮರುಕ್ಷಣವೇ ತನ್ನ ಕೆನ್ನೆಗೆ ತಾನೇ ಬಾರಿಸಿಕೊಳ್ಳೋಣವೆನಿಸಿತು. ಗೋಡೆಗೆ ಸುಣ್ಣ ಬಳಿದ. ಬಳಿದು ಏನು ಬಂತು? ಅದೇ ಸಂಜೆ ಮೂರು ಸಲ ಸೋತವನೊಬ್ಬನಿಗೆ ಎಲ್ಲರೂ ಸೇರಿ ಗುಲಾಬಿ ಹಿಡಿಸಿದರು. ನಿಯಮ ಎಲ್ಲರಿಗೂ ಬಾಯಿಪಾಠವಾಗಿತ್ತು.

ಮರುದಿನ ಅವನು ನಗರ್ತಪೇಟೆಗೆ ಹೋದ. ನಂದಕುಮಾರ್ ಗಲ್ಲಾದ ಹಿಂದೆ ಗುಂಡಿಗಳನ್ನು ಬಣ್ಣದ ಪ್ರಕಾರ ಡಬ್ಬಿಗಳಿಗೆ ಹಾಕುತ್ತಿದ್ದ. “ಬನ್ನಿ ಅಣ್ಣ,” ಎಂದನೇ ಹೊರತು ತಲೆ ಎತ್ತಲಿಲ್ಲ. ಅಂಗಡಿಯಲ್ಲಿ ಬೇರೆ ಯಾರೂ ಇಲ್ಲದ್ದನ್ನು ನೋಡಿಕೊಂಡು ಮುನಿರಾಜು ಗಲ್ಲಾದ ಮೇಲೆ ಬಾಗಿ, ಪಿಸುದನಿಯಲ್ಲಿ ಎಲ್ಲ ಹೇಳಿದ. ತಾನು ಎಂಥವನೆಂದು, ಗುಲಾಬಿಯನ್ನು ಮೊದಲು ಆಸೆಪಟ್ಟು ಆಡಿಸಿದವನು ತಾನೇ ಎಂದು, ಸಿಕ್ಕಿಬೀಳುವ ಭಯಕ್ಕೆ ಆ ನಿಯಮ ಕಟ್ಟಿದೆನೆಂದು ಹೇಳಿದ. “ತಪ್ಪಾಯ್ತು ಕಣೋ ನಂದ. ಗೋಡೆ ಅಳಿಸ್ಬಿಟ್ಟಿದೀನಿ.”

ನಂದಕುಮಾರನ ಕೈ ನಿಂತಿತು.

“ಪ್ರತಿ ಶನಿವಾರ ನಿಮಗೆ ಹೇಳ್ಬೇಕು ಅಂತಾನೇ ಬರ್ತಿದ್ದೆ ಅಣ್ಣ. ಆ ಗೋಡೆ ನೋಡಿ ಸುಮ್ನಾಗ್ತಿದ್ದೆ. ಅದು ನಿಮ್ಮ ಕೈಬರಹ ಅಲ್ವಾ?” ಅವನು ಡಬ್ಬಿಯ ಮುಚ್ಚಳ ಹಾಕಿದ. “ಆರು ವರ್ಷ ಊರಿಗೆಲ್ಲ ಕಾಣೋ ಹಾಗೆ ಬರೆದಿದ್ರಿ. ತಪ್ಪಾಯ್ತು ಅನ್ನೋದು ಮಾತ್ರ ನನ್ನೊಬ್ಬನ ಕಿವೀಲಾ?”

ಮುನಿರಾಜು ಮೆಟ್ಟಿಲಿಳಿದ. ಮನೆಯವರೆಗೂ ನಡೆದೇ ಬಂದ, ಆಟೊ ಹತ್ತಬೇಕೆಂದು ಹೊಳೆಯಲೂ ಇಲ್ಲ.

ಶನಿವಾರ ಸಂಜೆ ಅಂಗಡಿ ತುಂಬಿತ್ತು. ಅವನು ಅನಿಲ್ ಕುಮಾರನ ಪಕ್ಕದ ಕುರ್ಚಿ ಎಳೆದು ಕೂತು, ಜಾಯ್‌ಸ್ಟಿಕ್ ಎತ್ತಿಕೊಂಡು ಗುಲಾಬಿಯನ್ನು ಆರಿಸಿದ.

“ಏನಣ್ಣ, ನೀವ್ಯಾವಾಗ ಮೂರ್ ಸಲ ಸೋತ್ರಿ?”

“ಸೋತಿಲ್ಲ,” ಎಂದ ಮುನಿರಾಜು. ಎಲ್ಲರಿಗೂ ಕೇಳಲೆಂದು ಇನ್ನಷ್ಟು ಗಟ್ಟಿಯಾಗಿ ಹೇಳಿದ: “ನಾನೂ ಇವನ ಥರದವನೇ. ಅದಕ್ಕೆ ಇವನನ್ನ ತಗೊಂಡಿದೀನಿ.”

ನಾಲ್ಕೂ ಟೀವಿಗಳ ಮುಂದೆ ಕೈಗಳು ನಿಂತವು. ಯಾರೋ ಒಬ್ಬ ಕಿಸಕ್ಕನೆ ನಕ್ಕ, ಇನ್ನಿಬ್ಬರು ಬ್ಯಾಗು ಎತ್ತಿಕೊಂಡು ಹೊರಟರು. ಮುನಿರಾಜು ಬಾಗಿಲ ಕಡೆ ನೋಡಿದ. ಈ ಮಾತು ಕೇಳಬೇಕಾಗಿದ್ದವನು ಅಲ್ಲಿರಲಿಲ್ಲ.